ಪಿಂಗಾಣಿ ಬಟ್ಟಲು

ಹೆಂಡತಿ ದೀನಮ್ಮ ಹುಂಜವನ್ನು ಹಿಡಿಯಲು ಪ್ರಾರ್ಥನಾ ಮಂದಿರದ ಸುತ್ತ ಸುತ್ತು ಹೊಡೆಯುತ್ತಿದ್ದುದು ಎಲೀಷನಿಗೆ ಕಿಟಕಿಯಿಂದ ಕಾಣುತ್ತಿತ್ತು. ಎದ್ದು ಹೋಗಿ ಒಂದು ಕಡೆಯಿಂದ ಅಡ್ಡಗಟ್ಟಿದ್ದರೆ ಅವಳ ಕೆಲಸ ಹಗುರಾಗುತ್ತಿತ್ತು. ಅವಳ ಮಂಡಿನೋವು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಏಳಲಿಲ್ಲ. ಬೆಂಚಿನ ಮೇಲೆ ಕೂತು ತನ್ನ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಿದ್ದ. ಈ ಮಳೆಗಾಲದಿಂದ ಹತ್ತಿದ ಚಾಳಿ ಅದು. ಬೆರಳಿನ ಸಂದಿಯಲ್ಲಿ ಸುಣ್ಣದ ಬಿರುಕು, ಹೆಬ್ಬೆರಳಿನ ಬುಡದಲ್ಲಿ ದೋಣಿಯ ಹುಟ್ಟು ಹಾಕಿ ಹಾಕಿ ಆದ ಜಡ್ಡು, ಎಲ್ಲ ಮುದುಕರ ಕೈಯಂಥದೇ ಒಂದು ಕೈ. ಆದರೆ ಈ ಕೈ ಒಂದು ಕೆಲಸ ಮಾಡಿತ್ತು, ಅದನ್ನು ಬಾಯಿ ಇವತ್ತು ಹೌದು ಅನ್ನಬೇಕೋ ಅಲ್ಲ ಅನ್ನಬೇಕೋ ಅವನಿಗೆ ಇನ್ನೂ ತಿಳಿಯದು. ಮಧ್ಯಾಹ್ನದೊಳಗೆ ಕೊಪ್ಪದಿಂದ ಸುಜಯ ಪಾದ್ರಿ ಬರುತ್ತಾರೆ. ನರಸಿಂಹರಾಜಪುರದ ದಡದಲ್ಲಿ ಬೈಕು ನಿಲ್ಲಿಸಿ ಚೋಮನ ದೋಣಿ ಹತ್ತುತ್ತಾರೆ. ಬಂದು ಕೇಳುತ್ತಾರೆ. ಹೊರಗೆ ಹುಂಜ ಒಮ್ಮೆ ಕಿರುಚಿ ಸುಮ್ಮನಾಯಿತು. ದೀನಮ್ಮ ಅದನ್ನು ಕಂಕುಳಲ್ಲಿ ಒತ್ತಿ ಹಿಡಿದು, ಏದುಸಿರು ಬಿಡುತ್ತ, ಕಿಟಕಿಯ ಕಡೆಗೆ ಒಮ್ಮೆ ನೋಡಿ ಹಿತ್ತಲಿಗೆ ಹೋದಳು. ನೋಡಿದ್ದು ಅವನನ್ನೇ.

ಅವರಿರುವ ಹೊನ್ನೆದಿಬ್ಬ ಹಿಂದೆ ನಡುಗಡ್ಡೆಯಾಗಿರಲಿಲ್ಲ, ಬರಿಯ ಗುಡ್ಡದ ತಲೆಯಾಗಿತ್ತು. ಭದ್ರೆಗೆ ಅಣೆಕಟ್ಟು ಎದ್ದು ನೀರು ಏರಿದಾಗ ಗದ್ದೆಯವರು ಪರಿಹಾರ ತೆಗೆದುಕೊಂಡು ಹೋದರು. ಅವರ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವರು ಹೋಗಲು ಜಾಗವಿಲ್ಲದೆ ಮಡಕೆ ಕುಡಿಕೆ ಹೊತ್ತು ಮೇಲೆ ಮೇಲೆ ಹತ್ತಿ, ನೀರು ಎಲ್ಲಿ ನಿಂತಿತೋ ಅಲ್ಲಿ ನಿಂತರು. ಹಾಗೆ ಹುಟ್ಟಿದ ನಡುಗಡ್ಡೆಗಳು ನಾಲ್ಕಾರು. ಯಾರಿಗೂ ಬೇಡದ ಜನ ಇದ್ದಲ್ಲಿಗೆ ಮಿಶನ್ ಬಂತು. ಹಂಚಿನ ಪ್ರಾರ್ಥನಾ ಮಂದಿರ ಕಟ್ಟಿಸಿತು, ಪಕ್ಕಕ್ಕೆ ಎರಡು ಕೋಣೆಯ ಮನೆ, ಅದರೊಳಕ್ಕೆ ಹೊಸದಾಗಿ ಮದುವೆಯಾದ ಉಪದೇಶಿ ಎಲೀಷ ಮತ್ತು ಅವನ ಹೆಂಡತಿ. ಉಪದೇಶಿ ಎಂದರೆ ಪಾದ್ರಿಯಲ್ಲ. ಓದಿ ಹೇಳಬಹುದು, ಹಾಡಿಸಬಹುದು, ರೋಗಿಯ ಪಕ್ಕ ಕೂರಬಹುದು, ಸತ್ತವರಿಗೆ ಮಣ್ಣು ಕೊಡಬಹುದು. ಹಣೆಗೆ ನೀರು ಹಾಕಿ ಸಭೆಗೆ ಸೇರಿಸುವ ದೀಕ್ಷಾಸ್ನಾನ ಕೊಡುವ ಹಾಗಿಲ್ಲ, ಪ್ರಭುಭೋಜನದ ರೊಟ್ಟಿ ಮುರಿಯುವ ಹಾಗಿಲ್ಲ. ಅದಕ್ಕೆ ಅಭಿಷೇಕ ಆದವರೇ ಆಗಬೇಕು. ಅವರು ತಿಂಗಳುಗಟ್ಟಲೆ ಬಿಟ್ಟು ಒಮ್ಮೆ ದೋಣಿಯಲ್ಲಿ ಬರುವರು, ಎಲೀಷ ಪಿಂಗಾಣಿ ಬಟ್ಟಲಿನಲ್ಲಿ ನೀರು ಹಿಡಿದು ಎಡಕ್ಕೆ ನಿಲ್ಲುವನು, ಅವರು ಮೂರು ಬಾರಿ ಬೆರಳು ಅದ್ದುವರು. ನೆಟ್ಟವನು ಒಬ್ಬ, ಕೊಯ್ದವನು ಒಬ್ಬ ಎಂದು ದೀನಮ್ಮ ಆಗ ಚೇಷ್ಟೆ ಮಾಡುತ್ತಿದ್ದಳು. ಆಮೇಲಾಮೇಲೆ ಚೇಷ್ಟೆಗೂ ದಾರಿ ಉಳಿಯಲಿಲ್ಲ. ನೀರು ಹಾಕಿಸಿಕೊಂಡವರ ಮಕ್ಕಳು ದಡ ಸೇರಿ ಎಸ್ಟೇಟುಗಳಿಗೆ ಚದುರಿದರು, ಕೆಲವರು ಹೆಸರು ಮರೆತರು, ಕೆಲವರು ಮರೆತ ಹಾಗೆ ಮಾಡಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಂದು ಎಲೀಷ ಒಮ್ಮೆ ಬಾಯಿಬಿಟ್ಟು ಅಂದಿದ್ದ. ಅವಳು, ಹುಳಿ ನೀರಿಗಾದರೂ ಹತ್ತಿರಬೇಕು ಬಿಡಿ, ಅಂದಿದ್ದಳು. ಈಗ ಭಾನುವಾರ ಗಂಟೆ ಹೊಡೆದರೆ ಬಂದು ಕೂರುವವರು ಇಬ್ಬರೇ: ಮೀನು ಹಿಡಿಯುವ ಚೋಮ, ಅವನ ಹೆಂಡತಿ ಚಿಕ್ಕಕ್ಕ. ಅವರೂ ದೀಕ್ಷೆ ಪಡೆದವರಲ್ಲ. ಸುಮ್ಮನೆ ಬರುತ್ತಾರೆ, ಗೋಡೆಗೆ ಒರಗಿ ಕೂರುತ್ತಾರೆ, ಆಮೆನ್ ಅನ್ನುವಲ್ಲಿ ಹೂಂ ಅನ್ನುತ್ತಾರೆ.

ಚೋಮನಿಗೆ ಜ್ವರ ಬಂದದ್ದು ಆಷಾಢದಲ್ಲಿ. ಚಿಕ್ಕಕ್ಕ ಮಗಳು ಅನಿತಾಳನ್ನು ಕರೆದುಕೊಂಡು ಭಂಡಿಗಡಿಯ ತವರಿಗೆ ಹೋಗಿದ್ದಳು. ಮೋಡ ಒಡೆದು ಹಿನ್ನೀರು ಕೆಂಪಾಗಿ ಹೊರಳತೊಡಗಿದ ಮೇಲೆ ಅಲ್ಲಿಂದ ಯಾರೂ ಬರುವ ಹಾಗಿಲ್ಲ, ಇಲ್ಲಿಂದ ಆಸ್ಪತ್ರೆಗೆ ಒಯ್ಯುವ ಹಾಗೂ ಇಲ್ಲ. ಚೋಮನ ಗುಡಿಸಲಿನಲ್ಲಿ ಎಲೀಷ ದೀನಮ್ಮ ಇಬ್ಬರೂ ಸರದಿಯ ಮೇಲೆ ಕೂತರು. ಇದ್ದ ಮಾತ್ರೆ ಮುಗಿದವು. ದೀನಮ್ಮ ಕೊತ್ತಂಬರಿ ಮೆಣಸು ಕುದಿಸಿ ಕುಡಿಸಿದಳು, ಅದು ಕಟವಾಯಿಯಿಂದ ಹೊರಬಂತು. ಕಣ್ಣು ಹಳದಿ, ಉಸಿರು ಮೇಲೆ ಮೇಲೆ. ಸಾಯುವವರನ್ನು ಎಲೀಷ ಬಹಳ ನೋಡಿದ್ದ. ಇವನು ಬೆಳಗು ಕಾಣುವುದಿಲ್ಲ ಎಂದು ಅವನಿಗೆ ಖಚಿತವಾಗಿತ್ತು. ಸಾವು ಹೊಸ್ತಿಲಲ್ಲಿ ನಿಂತಾಗ, ಪಾದ್ರಿ ಸಿಗದಾಗ, ಉಪದೇಶಿಯೂ ದೀಕ್ಷಾಸ್ನಾನ ಕೊಡಬಹುದು. ಸಭೆಯ ಕಟ್ಟಳೆಯಲ್ಲೇ ಅದು ಇದೆ. ಆ ಒಂದು ಕಟ್ಟಳೆಯನ್ನು ಅವನು ಇಷ್ಟು ವರ್ಷ ಒಳಕಿಸೆಯಲ್ಲಿ ಇಟ್ಟುಕೊಂಡೇ ತಿರುಗಿದ್ದ, ಅದು ಬೇಕಾಗದಿರಲಿ ಎಂದು ಬಾಯಲ್ಲಿ ಅನ್ನುತ್ತ. ದೀನಮ್ಮನನ್ನು ಮನೆಗೆ ಓಡಿಸಿ ಬಟ್ಟಲು ತರಿಸಿದ. ನೀಲಿ ಅಂಚಿನ ಬಟ್ಟಲು, ಒಂದು ಕಡೆ ಚಕ್ಕೆ ಎದ್ದದ್ದು. ಸೂರಿನಿಂದ ಸುರಿಯುವ ನೀರನ್ನೇ ಹಿಡಿದಳು. ಚೋಮಾ, ನಿನಗೆ ಇಷ್ಟ ಉಂಟಾ, ಎಂದು ಅವನು ಕಿವಿಯ ಹತ್ತಿರ ಬಗ್ಗಿ ಕೇಳಿದ. ಎರಡು ಸಲ ಕೇಳಬೇಕಾಯಿತು. ಚೋಮ ಕಣ್ಣು ತೆರೆದು ಅವನನ್ನು ಬಹಳ ಹೊತ್ತು ನೋಡಿ, ಹೂಂ, ಅಂದ. ಎಲೀಷ ಬೆರಳು ಅದ್ದಿದ. ತಣ್ಣನೆಯ ನೀರು, ಅದರ ಕೆಳಗೆ ಕಾದ ಹಂಚಿನಂಥ ಹಣೆ. ತಂದೆಯ, ಮಗನ, ಪವಿತ್ರಾತ್ಮನ ಹೆಸರುಗಳನ್ನು ಹೇಳಿದ. ದೀನಮ್ಮ ಬಟ್ಟಲು ಹಿಡಿದುಕೊಂಡೇ ಆಮೆನ್ ಅಂದಳು. ಅವಳ ಧ್ವನಿ ನಡುಗಿದ್ದು ಅವನಿಗೆ ಕೇಳಿಸಿತು, ತಾನು ಅಳುತ್ತಿರುವುದು ಗೊತ್ತಾದದ್ದು ಆಮೇಲೆ. ಜೀವನದಲ್ಲಿ ಅಷ್ಟು ಸುಖವಾಗಿದ್ದ ಗಳಿಗೆ ಅವನಿಗೆ ಇನ್ನೊಂದು ನೆನಪಿಲ್ಲ. ಒಬ್ಬ ಮನುಷ್ಯ ಸಾಯುತ್ತಿರುವಾಗ ತನಗೆ ಹಾಗಾಯಿತಲ್ಲ ಎಂಬ ನಾಚಿಕೆಯೂ ಅದರ ಜೊತೆಗೇ ಇತ್ತು.

ಚೋಮ ಸಾಯಲಿಲ್ಲ. ಬೆಳಗಾಗುವಾಗ ಬೆವರಿದ, ಗಂಜಿ ಕೇಳಿದ. ಮಳೆ ಬಿಟ್ಟು ದೋಣಿ ಓಡುವ ಹೊತ್ತಿಗೆ ಬಲೆ ಹೆಣೆಯುತ್ತ ಕೂತಿದ್ದ. ಆ ರಾತ್ರಿಯ ಮಾತನ್ನು ಅವನು ಎತ್ತಲಿಲ್ಲ, ಎಲೀಷನೂ ಎತ್ತಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಇವತ್ತು ಹುಂಜ ಇನ್ನೂ ಬದುಕಿರುತ್ತಿತ್ತು. ಆದರೆ ಶ್ರಾವಣದಲ್ಲಿ ಕೊಪ್ಪದಲ್ಲಿ ಸಭೆಯವರ ಕೂಟ ಇತ್ತು, ಮತ್ತು ಅಲ್ಲಿ ಎಲ್ಲರ ಎದುರಿಗೆ ಸುಜಯ ಪಾದ್ರಿ ಬಹಳ ಮೃದುವಾಗಿ ಹೇಳಿದರು: ಹೊನ್ನೆದಿಬ್ಬದ ಕೆಲಸವನ್ನು ಈ ವರ್ಷಕ್ಕೆ ನಿಲ್ಲಿಸುವುದು ಒಳ್ಳೆಯದೇನೋ, ಕುರಿಗಳಿಲ್ಲದ ದೊಡ್ಡಿಗೆ ಬೇಲಿ ಯಾಕೆ, ಉಪದೇಶಿಗಳಿಗೂ ದಣಿವಾಗಿದೆ, ಅವರಿಗೆ ನಮ್ಮ ವೃದ್ಧಾಶ್ರಮದಲ್ಲಿ ಒಂದು ಕೋಣೆ ಕೇಳಿದ್ದೇನೆ. ಯಾರೋ ನಕ್ಕರು. ನಕ್ಕದ್ದು ದೊಡ್ಡಿಯ ಮಾತಿಗೆ ಇರಬಹುದು. ಎಲೀಷ ಎದ್ದು ನಿಂತ. ಒಂದು ಆತ್ಮ ಉಂಟು, ಅಂದ. ನಾನೇ ದೀಕ್ಷೆ ಕೊಟ್ಟೆ, ನನ್ನ ಕೈಯಾರೆ, ಅಂದ. ಮಾತು ಆಡಿದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಪಾದ್ರಿ ನಿಜವಾಗಿಯೂ ಸಂತೋಷಪಟ್ಟರು, ಕೆಟ್ಟವರಲ್ಲ ಅವರು. ಹಾಗಾದರೆ ಇನ್ನೊಂದು ವರ್ಷ ನಡೆಸೋಣ, ನಾನೇ ಬಂದು ಅದನ್ನು ಸ್ಥಿರಪಡಿಸಿ ಸಭೆಗೆ ಸೇರಿಸುತ್ತೇನೆ, ಎಂದರು; ಮುಂದಿನ ಭಾನುವಾರ ಆರಾಧನೆಯಲ್ಲಿ ಕೃತಜ್ಞತೆಯನ್ನೂ ಸಲ್ಲಿಸಿದರು. ಎಲೀಷ ಮನೆಗೆ ಬಂದು ಒಂದು ವರ್ಷ ಸಿಕ್ಕಿತು ಎಂದಾಗ ದೀನಮ್ಮ ಹಿತ್ತಲಿಗೆ ಹೋಗಿ, ಹೊತ್ತು ಮುಳುಗುವವರೆಗೆ ಬಸಳೆಗೆ ಹೊಸ ಚಪ್ಪರ ಹಾಕಿದಳು.

ನಿನ್ನೆ ಸಂಜೆ ಚಿಕ್ಕಕ್ಕ ಬಂದಳು. ಯಾವಾಗಲೂ ಸೀದಾ ಅಡುಗೆಮನೆಗೆ ಬಂದು ಒಲೆಯ ಮುಂದೆ ಕೂರುವವಳು ಅಂಗಳದಲ್ಲೇ ನಿಂತಳು. ಒಳಗೆ ಬಾ ಎಂದು ದೀನಮ್ಮ ಕರೆದರೆ, ಇಲ್ಲೇ ಸಾಕಮ್ಮ, ಅಂದಳು. ವಿಷಯ ಇಷ್ಟು. ಅನಿತಾಳಿಗೆ ಕಿಗ್ಗದ ಕಡೆಯ ಹುಡುಗ ಗೊತ್ತಾಗಿದ್ದಾನೆ. ಹುಡುಗಿ ಅವನನ್ನು ಮೆಚ್ಚಿದ್ದಾಳೆ, ಬರಿಯ ಮೆಚ್ಚಿದ್ದಲ್ಲ, ಅವನ ಹೆಸರೆತ್ತಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಾಳೆ. ಹುಡುಗನ ಅಪ್ಪ ಶೇಷಪ್ಪನಿಗೆ ಕೊಪ್ಪದ ಸಂತೆಯಲ್ಲಿ ಯಾರೋ ಹೇಳಿದ್ದಾರೆ, ನಿನ್ನ ಬೀಗ ಪಾದ್ರಿಯವರ ಕಡೆ ಸೇರಿದನಂತಲ್ಲ, ಇಗರ್ಜಿಯಲ್ಲೇ ಸಾರಿದರಂತಲ್ಲ, ಎಂದು. ನಮ್ಮ ದೇವರು ದಿಂಡರು ಬಿಟ್ಟವರ ಮನೆಯಿಂದ ಹೆಣ್ಣು ತಂದರೆ ನಮ್ಮ ಕುಲದವರು ಎಲೆಗೆ ಕೂರುವುದಿಲ್ಲ ಎಂದು ಶೇಷಪ್ಪ ಹೇಳಿ ಕಳಿಸಿದ್ದಾನೆ. ಆದರೆ ಅವನೂ ಒರಟನಲ್ಲ. ಪಾದ್ರಿಯೇ ಬಾಯಲ್ಲಿ ಅದು ಹಾಗಲ್ಲ ಅಂದರೆ ಸಾಕು, ನಾಳಿದ್ದು ಹೋಗಿ ಅವರನ್ನೇ ಕೇಳುತ್ತೇನೆ ಅಂದಿದ್ದಾನೆ. ಎಲೀಷ ಜಗುಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ. ಚಿಕ್ಕಕ್ಕ ಅವನ ಕಡೆ ತಿರುಗಿ, ಅದನ್ನ ತೆಗೆದುಬಿಡಿ ಉಪದೇಶಿಗಳೇ, ಅಂದಳು. ಅವನು ಸಮಾಧಾನದಿಂದ ವಿವರಿಸಲು ಹೋದ. ಅದು ತೆಗೆಯುವಂಥದಲ್ಲ, ಒಮ್ಮೆ ಬಿದ್ದ ನೀರು ಬಿದ್ದದ್ದೇ, ಆಕಾಶ ಭೂಮಿ ಅಳಿದರೂ ಅದು ಅಳಿಯದು. ಇಂಥ ಮಾತು ಹೇಳುವಾಗ ತನ್ನ ಧ್ವನಿಗೆ ಒಂದು ಗತ್ತು ಬರುತ್ತದೆಂದು ಅವನಿಗೆ ಗೊತ್ತು, ನಿನ್ನೆಯೂ ಬಂತು. ಅವಳು ತಾಳ್ಮೆಯಿಂದ ಕೇಳಿದಳು.

"ಮೈಲಿಗೆ ಆದ್ರೆ ತೆಗೆಯಕ್ಕೆ ನಮ್ಮಲ್ಲಿ ಒಂದು ನೀರು ಉಂಟು," ಅಂದಳು. "ಹರಕೆ ತಪ್ಪಿದ್ರೆ ತಪ್ಪು ಕಾಣಿಕೆ ಉಂಟು. ನಿಮ್ಮಲ್ಲಿ ಹಾಕೋದು ಮಾತ್ರ ಇರೋದಾ? ತೆಗೆಯೋದು ಯಾರೂ ಕಲಿಸಲಿಲ್ವಾ ನಿಮಗೆ?"

ಅವಳು ಹೋದ ಮೇಲೆ ಗಂಡ ಹೆಂಡತಿ ಊಟ ಮಾಡಿದರು, ಪ್ರಾರ್ಥನೆ ಮಾಡಿದರು, ದೀಪ ಆರಿಸಿದರು. ಕತ್ತಲಲ್ಲಿ ದೀನಮ್ಮ ಒಂದೇ ಮಾತು ಹೇಳಿದಳು, ನಾನು ಬಟ್ಟಲು ಹಿಡಿದಿದ್ದೆ, ಅಂತ. ಅದು ನೆನಪಿರಲಿ ಎಂಬ ಎಚ್ಚರಿಕೆಯೋ, ಬಿಟ್ಟುಕೊಡಬೇಡಿ ಎಂಬ ಬೇಡಿಕೆಯೋ, ಅಥವಾ ಬರಿಯ ಒಂದು ಸಂಗತಿಯೋ ಅವನಿಗೆ ತಿಳಿಯಲಿಲ್ಲ. ಅವಳಿಗೆ ಮಕ್ಕಳಾಗಲಿಲ್ಲ. ಈ ದಿಬ್ಬದ ಅರ್ಧ ಮಕ್ಕಳ ಹೊಕ್ಕುಳಬಳ್ಳಿ ಕೊಯ್ದವಳು ಅವಳೇ, ಆ ಮಕ್ಕಳು ಈಗ ದಡದ ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಮುಖ ತಿರುಗಿಸುತ್ತಾರೆ. ಅವಳಿಗೆ ತೋರಿಸಲು ಇರುವುದು ಒಂದು ಬಸಳೆ ಚಪ್ಪರ, ನಾಲ್ಕು ಕೋಳಿ, ಮತ್ತು ಆ ಆಷಾಢದ ಒಂದು ರಾತ್ರಿ. ಅದನ್ನೂ ಅವಳ ಮಡಿಲಿನಿಂದ ಕಸಿದು, ಅವಳನ್ನು ವೃದ್ಧಾಶ್ರಮದ ಕೋಣೆಯಲ್ಲಿ, ಗೊತ್ತಿಲ್ಲದ ಮುದುಕಿಯರ ಕೆಮ್ಮಿನ ನಡುವೆ ಕೂರಿಸುವುದೇ? ಹಾಗೆ ನೋಡಿದರೆ ಅನಿತಾ ಯಾರು? ಅವಳ ಹೊಕ್ಕುಳಬಳ್ಳಿಯನ್ನು ಕೊಯ್ದದ್ದೂ ದೀನಮ್ಮನೇ. ಹೀಗೆ ಆ ಕಡೆ ಒಂದು ಕಲ್ಲು, ಈ ಕಡೆ ಒಂದು ಕಲ್ಲು ಇಡುತ್ತ ಅವನು ಬೆಳಗಿನವರೆಗೆ ಹೊರಳಿದ. ಈಗ ಬೆಂಚಿನ ಮೇಲೆ ಕೂತು ಯೋಚಿಸಿದರೆ ಆ ತೂಕವೇ ಸುಳ್ಳು ಎನ್ನಿಸುತ್ತಿತ್ತು. ಅವನಿಗೆ ನಿಜವಾಗಿ ಬೇಕಿದ್ದದ್ದು ದೀನಮ್ಮನ ಸುಖವೂ ಅಲ್ಲ, ಚೋಮನ ಆತ್ಮವೂ ಅಲ್ಲ. ಒಂದು ಸಲ ತಾನು ಬರಿಯ ಬಟ್ಟಲು ಹಿಡಿಯುವವನಾಗಿರಲಿಲ್ಲ ಎಂಬುದು ಎಲ್ಲಿಯಾದರೂ ಉಳಿಯಬೇಕಿತ್ತು. ಅಷ್ಟು ಸಣ್ಣ ಆಸೆಗೆ ಇಷ್ಟು ದೊಡ್ಡ ಮಾತುಗಳ ಹೊದಿಕೆ ಯಾಕೆ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಹಿತ್ತಲಿನಿಂದ ಪುಕ್ಕ ಸುಟ್ಟ ವಾಸನೆ ಬಂತು.

ಪಾದ್ರಿ ದೋಣಿಯಲ್ಲಿ ಕಿತ್ತಳೆ ಬಣ್ಣದ ಜೀವರಕ್ಷಕ ಜಾಕೀಟು ತೊಟ್ಟು ನೆಟ್ಟಗೆ ಕೂತಿದ್ದರು. ಹೆಂಡತಿ ಇದಿಲ್ಲದೆ ಬಿಡುವುದಿಲ್ಲ ಎಂದು ಇಳಿಯುವ ಮೊದಲೇ ಹೇಳಿ ನಕ್ಕರು. ಅವರ ವಯಸ್ಸು ಎಲೀಷನ ಅರ್ಧ; ಅವನು ಬಗ್ಗಿ ಕೈ ಚಾಚಿ ಅವರನ್ನು ದಡಕ್ಕೆ ಹತ್ತಿಸಿಕೊಂಡ. ಹಿಂದಿನಿಂದ ಚೋಮ ಹಗ್ಗ ಕಟ್ಟುತ್ತ ಒಮ್ಮೆ ತಲೆಯೆತ್ತಿ ಅವನನ್ನು ನೋಡಿದ. ಆ ಮುಖದಲ್ಲಿ ಬೇಡಿಕೆ ಇರಬಹುದೆಂದು ಎಲೀಷ ಹುಡುಕಿದ, ಕೋಪವಾದರೂ ಇರಬಹುದೆಂದು ಹುಡುಕಿದ. ಇದ್ದದ್ದು, ಭಾನುವಾರ ಉಪದೇಶ ಉದ್ದವಾದಾಗ ಇರುತ್ತಿದ್ದಂಥದೇ ಒಂದು ಸಹನೆ. ಪ್ರಾರ್ಥನಾ ಮಂದಿರದಲ್ಲಿ ಪಾದ್ರಿ ಜಾಕೀಟು ಬಿಚ್ಚಿ ಬೆಂಚಿನ ಮೇಲಿಟ್ಟರು, ಹೆಗಲ ಚೀಲದಿಂದ ಸಣ್ಣ ಡಿಜಿಟಲ್ ಕ್ಯಾಮರಾ ತೆಗೆದರು. ಮೊದಲು ಒಂದೆರಡು ಮಾತು ಕೇಳಿ, ಆಮೇಲೆ ಸಣ್ಣ ಪ್ರಾರ್ಥನೆ ಮಾಡಿ, ಆಮೇಲೆ ಒಂದು ಫೋಟೋ. ನೀವು, ಚೋಮ, ಮಧ್ಯದಲ್ಲಿ ಆ ಬಟ್ಟಲು ಇದ್ದರೆ ಚೆನ್ನ, ಅಂದರು. ದೀನಮ್ಮ ಒಳಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತಿದ್ದಳು. ಚೋಮ ಹೊರಬಾಗಿಲ ಹತ್ತಿರ, ತನ್ನ ದಿನದ ಗೋಡೆಗೆ ಒರಗಿ, ಕುಕ್ಕರಗಾಲಿನಲ್ಲಿ ಕೂತ.

ಏನಪ್ಪ ಚೋಮ, ಆ ರಾತ್ರಿ ನಡೆದದ್ದು ನಿನಗೆ ನೆನಪಿದೆಯೋ, ಎಂದು ಪಾದ್ರಿ ಕೇಳಿದರು.

"ಉಪದೇಶಿಗಳು ಎಂತ ಹೇಳ್ತಾರೋ ಅದೇ," ಅಂದ ಚೋಮ.

ಪಾದ್ರಿ ಮುಗುಳ್ನಕ್ಕು ಎಲೀಷನ ಕಡೆ ತಿರುಗಿದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನಾದರೂ ಹೇಳಿ ದಾಟಿಕೊಳ್ಳಬಹುದೇ ಎಂದು ಅವನ ಮನಸ್ಸು ಒಂದು ಕ್ಷಣ ಓಡಾಡಿತು. ಕಿಟಕಿಯ ಆಚೆ ಹಿನ್ನೀರು ತುಂಬಿ, ಬಿಸಿಲಿಗೆ ಬೆಳ್ಳಗಾಗಿ, ಅಲುಗದೆ ಮಲಗಿತ್ತು. ಅದರ ತಳದಲ್ಲಿ ಗದ್ದೆಯ ಬದುಗಳಿವೆ, ಬಾವಿಗಳಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಅವು ಎದ್ದು ಬರುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಚಿಕ್ಕಕ್ಕ ಅಂಗಳದಲ್ಲಿ ನಿಂತ ರೀತಿ ನೆನಪಾಯಿತು, ಅವಳ ಮಾತಿಗಿಂತ ಹೆಚ್ಚಾಗಿ, ಅವಳು ಒಳಗೆ ಬಾರದೆ ಉಳಿದದ್ದು.

"ಜ್ವರ ತಲೆಗೇರಿತ್ತು," ಅಂದ. "ಹಣೆಗೆ ನೀರು ತಟ್ಟಿದೆ. ಜ್ವರ ಇಳೀಲಿ ಅಂತ."

ಪಾದ್ರಿಗೆ ಅರ್ಥವಾಗಲಿಲ್ಲ. ಪವಿತ್ರ ನಾಮ ಹೇಳಿ ಕೊಟ್ಟಿರಲ್ಲವೇ, ಎಂದು ಕೇಳಿದರು. ಇಲ್ಲ, ಅಂದ ಎಲೀಷ. ಪ್ರಾರ್ಥನೆ ಮಾಡಿದೆ, ಎಲ್ಲ ರೋಗಿಗಳಿಗೂ ಮಾಡುವ ಹಾಗೆ. ಹಾಗಾದರೆ ಕೊಪ್ಪದಲ್ಲಿ ಅಷ್ಟು ಜನರ ಮುಂದೆ ಎದ್ದು ನಿಂತು ಹೇಳಿದ್ದು? ಪಾದ್ರಿಯ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು. ಹೇಳಿಕೊಳ್ಳಬೇಕು ಅನ್ನಿಸಿತು, ಅಂದ ಎಲೀಷ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ, ಈ ಹೊತ್ತಿನ ಮಾತುಗಳಲ್ಲಿ ಇದೊಂದೇ ನಿಜವೆಂದು ಅವನಿಗೆ ಹೊಳೆಯಿತು. ಪಾದ್ರಿ ಸ್ವಲ್ಪ ಹೊತ್ತು ಕ್ಯಾಮರಾದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕೂತರು. ಆಮೇಲೆ ಬಾಗಿಲ ಕಡೆ ನೋಡಿ, ದೀನಮ್ಮನವರೇ, ನೀವು ಅಲ್ಲಿ ಇದ್ದಿರಂತಲ್ಲ, ನೀವಾದರೂ ಹೇಳಿ, ಅಂದರು. ಎಲೀಷ ತಲೆಯೆತ್ತಲಿಲ್ಲ. ಅವಳು ಸುಳ್ಳು ಹೇಳಿದ್ದನ್ನು ಅವನು ಈವರೆಗೆ ಕೇಳಿರಲಿಲ್ಲ. ಸಂತೆಯಲ್ಲಿ ಕೊಳೆತ ಬದನೆಕಾಯಿಯನ್ನು ತಾನೇ ಎತ್ತಿ ತೋರಿಸಿ ಮಾರುವವಳು.

"ನಾನು ಗಂಜಿ ಕಾಯಿಸಕ್ಕೆ ಮನೆಗೆ ಬಂದಿದ್ದೆ," ಅಂದಳು ದೀನಮ್ಮ. "ನನಗೆ ಗೊತ್ತಿಲ್ಲ."

ಅವಳು ಒಳಗೆ ಹೋದಳು. ಸುವಾರ್ತೆಯಲ್ಲಿ ಗುರುವನ್ನು ಅರಿಯೆನೆಂದ ಶಿಷ್ಯನಿಗೆ ಕೂಗಿದ ಹಾಗೆ ಎಲ್ಲೂ ಕೋಳಿ ಕೂಗಲಿಲ್ಲ. ಇದ್ದ ಒಂದು ಹುಂಜ ಮಸಾಲೆ ಹಚ್ಚಿಸಿಕೊಂಡು ಒಲೆಯ ಮೇಲೆ ಬೇಯುತ್ತಿತ್ತು. ಈ ಯೋಚನೆ ಬಂದು ಎಲೀಷನಿಗೆ ನಗು ತಡೆಯದೆ ಕೆಮ್ಮಿನ ಹಾಗೆ ಹೊರಬಂತು. ಪಾದ್ರಿ ಅದನ್ನು ಅಳುವೆಂದು ತಿಳಿದು ಅವನ ಹೆಗಲ ಮೇಲೆ ಕೈ ಇಟ್ಟರು. ಪರವಾಗಿಲ್ಲ ಉಪದೇಶಿಗಳೇ, ವಯಸ್ಸಾಯಿತು, ಇಷ್ಟು ವರ್ಷ ಒಂಟಿಯಾಗಿ ನೀರಿನ ನಡುವೆ ಇದ್ದೀರಿ, ಮನಸ್ಸಿಗೆ ಹೀಗೆಲ್ಲ ಆಗುತ್ತದೆ, ಸಭೆಯಲ್ಲಿ ನಾನೇ ಹೇಗೋ ಹೇಳುತ್ತೇನೆ, ಅಂದರು. ಯಾರೋ ಶೇಷಪ್ಪ ಎಂಬವರು ನಾಳೆ ಬಂದು ಕೇಳಬಹುದು ಎಂದು ಎಲೀಷ ಹೇಳಿದಾಗ, ಕೇಳಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರಾಯಿತು, ಅಂದರು. ಅವರ ಕೈ ಹೆಗಲ ಮೇಲೆ ಇನ್ನೂ ಇತ್ತು. ಬೆಚ್ಚಗಿನ, ಮೃದುವಾದ, ಅಭಿಷೇಕವಾದ ಕೈ. ಕೊಡವಿ ಎಸೆಯಬೇಕೆನ್ನಿಸಿತು. ಕೂತೇ ಇದ್ದ.

ಊಟಕ್ಕೆ ದೀನಮ್ಮ ನೆಲ ಒರೆಸಿ ಎಲೆ ಹಾಕಿದಳು, ಕೋಳಿ ಸಾರನ್ನು ತಂದು ಪಾದ್ರಿಯ ಮುಂದಿಟ್ಟಳು. ನೀಲಿ ಅಂಚಿನ ಬಟ್ಟಲಿನಲ್ಲಿ ತಂದಿದ್ದಳು, ಚಕ್ಕೆ ಎದ್ದ ಕಡೆಯನ್ನು ಗೋಡೆಗೆ ತಿರುಗಿಸಿ. ಆ ಬಟ್ಟಲಿನಲ್ಲಿ ನೀರಲ್ಲದೆ ಬೇರೇನನ್ನೂ ಈ ಮನೆಯಲ್ಲಿ ಹಾಕಿದ್ದಿಲ್ಲ. ಕಪಾಟಿನಲ್ಲಿ ಬಿಳಿ ಬಟ್ಟೆ ಸುತ್ತಿ ಇಡುತ್ತಿದ್ದದ್ದು. ಎಲೀಷ ಅವಳ ಮುಖ ನೋಡಿದ. ಅವಳು ಅನ್ನ ಬಡಿಸುತ್ತಿದ್ದಳು. ಪಾದ್ರಿ ಚೆನ್ನಾಗಿ ಉಂಡರು, ಕೊಪ್ಪದಲ್ಲಿ ಎಲ್ಲ ಫಾರಂ ಕೋಳಿ ಅಂದರು, ಕ್ರಿಸ್ಮಸ್ ಮುಗಿದ ಮೇಲೆ ಸಾಮಾನು ಸಾಗಿಸಲು ದಡಕ್ಕೆ ಒಂದು ಜೀಪು ಕಳಿಸುವ ಮಾತಾಡಿದರು, ವೃದ್ಧಾಶ್ರಮದಲ್ಲಿ ಬಿಸಿನೀರು ನಲ್ಲಿಯಲ್ಲೇ ಬರುತ್ತದೆ ಅಂದರು. ಹಿತ್ತಲಿಗೆ ಜಾಗ ಉಂಟಾ ಎಂದು ದೀನಮ್ಮ ಕೇಳಿದಳು. ಕುಂಡಗಳಿವೆ, ಅಂದರು ಪಾದ್ರಿ. ಹೊರಗೆ ಜಗುಲಿಯಲ್ಲಿ ಚೋಮನಿಗೂ ಎಲೆ ಹಾಕಿತ್ತು. ಅವನು ಇನ್ನೊಮ್ಮೆ ಸಾರು ಕೇಳಿ ಹಾಕಿಸಿಕೊಂಡ.

ಇಳಿಹೊತ್ತಿಗೆ ಪಾದ್ರಿಯನ್ನು ಬಿಡಲು ಎಲೀಷನೂ ದೋಣಿಯಲ್ಲಿ ಹೋದ. ದಡದಲ್ಲಿ ಬೈಕು ಸದ್ದು ಮಾಡಿ ಮರೆಯಾಯಿತು. ಹಿಂತಿರುಗುವಾಗ ಗಾಳಿ ಬಿದ್ದಿತ್ತು, ಚೋಮ ಆತುರವಿಲ್ಲದೆ ಹುಟ್ಟು ಹಾಕುತ್ತಿದ್ದ. ಎಲೀಷ ಎದುರಿನ ಹಲಗೆಯ ಮೇಲೆ ಕೂತು ಅವನ ಹಣೆಯನ್ನೇ ನೋಡುತ್ತಿದ್ದ. ಬೆವರಿಗೆ ಅಂಟಿದ ನಾಲ್ಕು ಕೂದಲು, ಒಂದು ಹಳೆಯ ಗಾಯದ ಗುರುತು. ಮಾಡಿದ್ದನ್ನು ಮಾಡಿಲ್ಲ ಅಂದದ್ದಾಯಿತು. ಲೋಕಕ್ಕೆ ಅದು ಇಲ್ಲ. ಆದರೆ ಈ ಹಣೆಯ ಮೇಲೆ ಅದು ಇದೆ, ಯಾರೂ ತೆಗೆಯಲಾರರು, ನಾನೂ ತೆಗೆಯಲಾರೆ, ಎಂದು ಯೋಚಿಸುತ್ತ ಅವನು ಕಾಲು ಚಾಚಿ ಕೂತ. ಒಂದು ಹುಡುಗಿಗಾಗಿ ತನ್ನ ಇಡೀ ಬಾಳಿನ ಒಂದೇ ಫಲವನ್ನು ಬಿಟ್ಟುಕೊಟ್ಟೆ ಎಂಬ ಹೆಮ್ಮೆಯೂ ಮೆಲ್ಲಗೆ ಬಂದು ಕೂತುಕೊಂಡಿತು. ಹೆಮ್ಮೆ ಬಂದದ್ದು ಗೊತ್ತಾಯಿತು, ಆದರೆ ಅದನ್ನು ಓಡಿಸಲಿಲ್ಲ. ಇವತ್ತು ಒಂದು ದಿನ ಇರಲಿ ಅಂದುಕೊಂಡ. ಅದರ ಧೈರ್ಯದಲ್ಲೇ ಕೇಳಿದ: ಆ ರಾತ್ರಿ ನಾನು ಕೇಳಿದ್ದು, ನೀನು ಹೂಂ ಅಂದದ್ದು, ನಿನಗೆ ಜ್ಞಾನ ಇತ್ತಾ?

ಚೋಮ ಹುಟ್ಟನ್ನು ನೀರಿನಿಂದ ಎತ್ತಿ ಮಡಿಲ ಮೇಲೆ ಇಟ್ಟುಕೊಂಡ. ಅದರಿಂದ ಹನಿ ಬೀಳುತ್ತಿತ್ತು.

"ಜ್ಞಾನ ಇಲ್ದೆ ಎಂತ," ಅಂದ. "ಎಲ್ಲ ಕೇಳಿಸ್ತಿತ್ತು. ಹೇಳಬಾರದು, ಆದ್ರೂ ನೀವಾಗಿ ಕೇಳಿದ್ರಿ ಅಂತ ಹೇಳ್ತೀನಿ ಉಪದೇಶಿಗಳೇ. ನೀವು ಅಳ್ತಿದ್ರಿ. ನಮ್ಮ ಅಪ್ಪ ಸತ್ತಾಗ್ಲೂ ನನ್ನ ಮುಂದೆ ಯಾರೂ ಹಾಗೆ ಅತ್ತಿರಲಿಲ್ಲ. ನಂಗೆ ಅದೆಲ್ಲ ತಲೆಗೆ ಹತ್ತದಿಲ್ಲ, ನಿಮ್ಮ ದೇವರು, ಆ ನೀರು. ಹೆಂಗೂ ಸಾಯ್ತೀನಿ, ಒಂದು ಹೂಂ ಅಂದ್ರೆ ಇವರಿಗೆ ಸಮಾಧಾನ ಆಗೋದಾದ್ರೆ ನನ್ನ ಗಂಟು ಎಂತ ಹೋಗ್ತದೆ ಅಂತ ಅಂದೆ."

ಹುಟ್ಟಿನ ಹನಿ ಒರೆಸಿ, "ಭಾನುವಾರ ಬರೋದೂ ಅಷ್ಟೇ," ಅಂದ. "ನೀವು ಖಾಲಿ ಗೋಡೆಗೆ ಹೇಳ್ತಾ ನಿಲ್ಲೋದು ಕಂಡ್ರೆ ಚಿಕ್ಕಕ್ಕಂಗೆ ಹೊಟ್ಟೆ ಉರೀತದೆ. ಬೇಜಾರು ಮಾಡ್ಕೋಬೇಡಿ. ಬರೋದು ಬಿಡಲ್ಲ ನಾವು."

ಅವನು ಮತ್ತೆ ಹುಟ್ಟು ಹಾಕತೊಡಗಿದ. ಎಲೀಷನಿಗೆ ಮೊದಲು ಏನೂ ಅನ್ನಿಸಲಿಲ್ಲ. ದೋಣಿಯ ತಳದಲ್ಲಿ ಸ್ವಲ್ಪ ನೀರು ಸೇರಿತ್ತು, ಅದರಲ್ಲಿ ಒಂದು ಸತ್ತ ಮೀನಿನ ಮರಿ ಆಚೆ ಈಚೆ ಹೊರಳುತ್ತಿತ್ತು. ಅಲ್ಲಿಯೇ ಕಣ್ಣು ನೆಟ್ಟು ಕೂತ. ಮನಸ್ಸಿಲ್ಲದವನ ಮೇಲೆ ಬಿದ್ದ ನೀರು ಬರಿಯ ನೀರು. ಹಾಗಾದರೆ ಪಾದ್ರಿಯ ಮುಂದೆ ತಾನು ಹೇಳಿದ್ದು ಸುಳ್ಳೇ ಅಲ್ಲ. ಹಣೆಗೆ ನೀರು ತಟ್ಟಿದ್ದ, ಅಷ್ಟೆ. ಏನನ್ನೂ ಬಿಟ್ಟುಕೊಟ್ಟಿರಲಿಲ್ಲ, ಬಿಡಲು ಕೈಯಲ್ಲಿ ಏನೂ ಇರಲಿಲ್ಲ. ಈ ಬಡವನ ಮುಂದೆ ಇಷ್ಟು ವರ್ಷ ನಿಂತು ಕರುಣೆಯ ವಿಷಯ ಹೇಳಿದವನು ತಾನು, ಮತ್ತು ಆ ಇಷ್ಟೂ ವರ್ಷ ಕರುಣೆ ಆ ಗೋಡೆಯ ಕಡೆಯಿಂದ ಈ ಕಡೆಗೆ ಬರುತ್ತಿತ್ತು. ಇದಕ್ಕೆ ಅಳಬೇಕಿತ್ತು. ಆದರೆ ಅತ್ತರೆ ಚೋಮ ನೋಡುತ್ತಾನೆ, ನೋಡಿದರೆ ಇನ್ನೇನಾದರೂ ಹೂಂ ಅಂದುಬಿಡುತ್ತಾನೆ ಎಂದು ಹೆದರಿಕೆಯಾಗಿ ದಡ ಬರುವವರೆಗೆ ಮುಖ ತಿರುಗಿಸಿ ಕೂತ. ಅನಿತಾಳ ಮದುವೆ ಯಾವಾಗ ಎಂದು ಕೇಳಿದ. ಮಾಘದಲ್ಲಿ ಅಂತ ಹೇಳ್ತಿದ್ದಾರೆ, ಅಂದ ಚೋಮ. ಆಗ ಉಪದೇಶಿ ಮತ್ತು ದೀನಮ್ಮ ಇಲ್ಲಿರುವುದಿಲ್ಲ ಎಂದು ಇಬ್ಬರೂ ಹೇಳಲಿಲ್ಲ.

ದೀನಮ್ಮ ಬಸಳೆ ಚಪ್ಪರದ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು. ಬಟ್ಟಲನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ಎಷ್ಟು ಹೊತ್ತಿನಿಂದ ತಿಕ್ಕುತ್ತಿದ್ದಳೋ, ಅವಳ ಮೊಣಕೈಯವರೆಗೂ ಬೂದಿ ಮೆತ್ತಿತ್ತು. ಸಾರಿನ ಜಿಡ್ಡು ಹೋಗಿ ಪಿಂಗಾಣಿ ಬೆಳ್ಳಗೆ ಹೊಳೆಯುತ್ತಿದ್ದರೂ ಕೈ ನಿಂತಿರಲಿಲ್ಲ. ಅವನು ಬಂದು ಎದುರಿಗೆ ನಿಂತಾಗ ತಲೆಯೆತ್ತಲಿಲ್ಲ.

"ನೀವು ಇಲ್ಲ ಅಂದದ್ದಕ್ಕೆ ನನಗೆ ಸಿಟ್ಟಿಲ್ಲ," ಅಂದಳು. "ನಾನೂ ಅಂದೆನಲ್ಲ. ಕೂಸಿನ ಮದುವೆ ಆಗ್ತದೆ. ಆದ್ರೆ ಒಂದು ಹೇಳಿ. ಚೋಮನನ್ನ ಕೇಳಿದ್ರಾ ನೀವು? ಅವನು ಆವತ್ತು ಮನಸಾರೆ ಹೂಂ ಅಂದನಾ? ಅಷ್ಟು ಗೊತ್ತಾದ್ರೆ ನನಗೆ ಸಾಕು. ಆ ಆಶ್ರಮದಲ್ಲೋ ಎಲ್ಲೋ, ಎಲ್ಲಿ ಬೇಕಾದ್ರೂ ಇರ್ತೀನಿ."

ಎಲೀಷ ಅವಳ ಬೂದಿ ಮೆತ್ತಿದ ಕೈಗಳನ್ನು ನೋಡಿದ. ಆಷಾಢದ ಆ ರಾತ್ರಿ ಇವೇ ಕೈಗಳು ಸೂರಿನ ನೀರಿಗೆ ಒಡ್ಡಿಕೊಂಡು ಒದ್ದೆಯಾಗಿದ್ದವು. ಪಾದ್ರಿಯ ಮುಂದೆ ಹೇಳಿದ್ದು ತನ್ನಷ್ಟಕ್ಕೇ ಬಂದಿತ್ತು. ಈಗ ಮಾತು ಹುಡುಕಬೇಕಾಯಿತು.

"ಕೇಳಿದೆ," ಅಂದ. "ಮನಸಾರೆ ಅಂದನಂತೆ. ಈಗಲೂ ಒಳಗೊಳಗೆ ಹಾಗೇ ಇದ್ದೀನಿ ಅಂದ."

ದೀನಮ್ಮನ ಕೈ ನಿಂತಿತು. ಅವಳು ಬಹಳ ಹೊತ್ತು ಅವನನ್ನೇ ನೋಡಿದಳು. ಆ ರಾತ್ರಿ ಚೋಮ ಕಣ್ಣು ತೆರೆದು ತನ್ನನ್ನು ನೋಡಿದ್ದೂ ಹೀಗೇ, ಇಷ್ಟೇ ಹೊತ್ತು. ಅವಳಿಗೆ ತಿಳಿಯಿತೋ ಇಲ್ಲವೋ ಎಂದು ಅವನು ಅವಳ ಮುಖದಲ್ಲಿ ಹುಡುಕಿದ, ಗೊತ್ತಾಗಲಿಲ್ಲ.

"ಹೂಂ," ಅಂದಳು ದೀನಮ್ಮ. ಬಟ್ಟಲನ್ನು ತೊಳೆದು, ಸೆರಗಿನಿಂದ ಒರೆಸಿ, ಅವನ ಕೈಗೆ ಕೊಟ್ಟಳು. ಎದ್ದು, ಒಂದು ಕೈ ಮಂಡಿಯ ಮೇಲೆ ಊರಿಕೊಂಡು, ಕೋಳಿಗಳನ್ನು ಗೂಡಿಗೆ ಕರೆಯಲು ಹೋದಳು. ಅವನು ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತಿದ್ದ.